ಹಡಗನ್ನು ವಾಲಿಸುವುದು ಗಾಳಿಯೋ, ತೂಕದ ಚೀಟಿಯೋ?

ಹಡಗು ಮುಳುಗಿದ ಸುದ್ದಿಯ ಬೆನ್ನಿಗೇ ಒಂದು ಸಿದ್ಧ ವಾಕ್ಯ ಬರುತ್ತದೆ: ‘ಭಾರಿ ಗಾಳಿ ಮತ್ತು ಅಲೆಗಳ ಹೊಡೆತಕ್ಕೆ ಸಿಲುಕಿ...’ 2025ರ ಮೇ 24ರಂದು ಮುಂಗಾರು ವಾಡಿಕೆಗಿಂತ ಎಂಟು ದಿನ ಮೊದಲೇ ಕೇರಳಕ್ಕೆ ಕಾಲಿಟ್ಟಿತು. ವಿಳಿಂಜಂನಿಂದ ಕೊಚ್ಚಿಯ ಕಡೆಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಅದೇ ದಿನ ಬಲಮಗ್ಗುಲಿಗೆ 26 ಡಿಗ್ರಿ ವಾಲಿತು. ಮರುದಿನ ಬೆಳಿಗ್ಗೆ 640 ಕಂಟೇನರುಗಳ ಸಮೇತ ಮುಳುಗಿತು. ಇಪ್ಪತ್ತನಾಲ್ಕು ಮಂದಿ ಸಿಬ್ಬಂದಿಯೂ ಬದುಕಿದರು. ಪ್ಲಾಸ್ಟಿಕ್ ಕಾಳುಗಳು ಕೇರಳದ ಕಡಲತೀರಕ್ಕೆ ಬಂದು ಬಿದ್ದವು. ಮುಂಗಾರು ಬಂದ ದಿನವೇ ಹಡಗು ವಾಲಿದ್ದರಿಂದ ಮಳೆಗಾಳಿಯ ಮೇಲೆ ಹೊಣೆ ಹೊರಿಸುವುದು ಸುಲಭ. ಆದರೆ ಅದೇ ದಿನ ಅದೇ ಕಡಲಿನಲ್ಲಿ ಬೇರೆ ಹಡಗುಗಳೂ ಓಡಾಡುತ್ತಿದ್ದವು, ತಮ್ಮ ತಮ್ಮ ಬಂದರು ಸೇರಿದವು. ಎಲ್ಸಾದ ವಿಷಯದಲ್ಲಿ ಆರಂಭದ ವರದಿಗಳು ಬೆರಳು ತೋರಿಸಿದ್ದು ಹಡಗಿನ ಒಳಗಿನ ಬ್ಯಾಲಸ್ಟ್ ನೀರಿನ, ಅಂದರೆ ಹಡಗಿನ ಸಮತೋಲಕ್ಕೆಂದು ತೊಟ್ಟಿಗಳಲ್ಲಿ ತುಂಬುವ ನೀರಿನ, ವ್ಯವಸ್ಥೆಯ ಕಡೆಗೆ.

ತುಮಕೂರಿನಲ್ಲಿ ಕುಳಿತು ಹಡಗಿನ ಬಗ್ಗೆ ಬರೆಯಹೊರಟರೆ, ಎಂಟುನೂರು ಮೀಟರ್ ಎತ್ತರದ ಬಯಲುಸೀಮೆಗೂ ಕಡಲಿಗೂ ಏನು ನಂಟು ಎಂದು ಯಾರಾದರೂ ಕೇಳುತ್ತಾರೆ. ನಂಟು ಹೆದ್ದಾರಿ ಬದಿಯ ವೇಬ್ರಿಡ್ಜಿನಲ್ಲಿದೆ. ಗ್ರಾನೈಟ್ ಚಪ್ಪಡಿ ತುಂಬಿದ ಕಂಟೇನರ್ ಹೊತ್ತ ಟ್ರೇಲರ್ ನಿಧಾನವಾಗಿ ಕಬ್ಬಿಣದ ಹಲಗೆಯ ಮೇಲೆ ಹತ್ತುತ್ತದೆ. ಚಾಲಕ ಎಂಜಿನ್ ಆರಿಸಿ ಇಳಿಯುತ್ತಾನೆ. ಗೂಡಿನೊಳಗಿನ ಕೆಂಪು ಅಂಕಿಗಳು ಸ್ವಲ್ಪ ಹೊತ್ತು ಓಲಾಡಿ ನಿಲ್ಲುತ್ತವೆ. ಕರಕರ ಸದ್ದು ಮಾಡುತ್ತ ಪ್ರಿಂಟರ್ ಒಂದು ಚೀಟಿಯನ್ನು ಉಗುಳುತ್ತದೆ. ಅದರಲ್ಲಿ ಒಟ್ಟು ತೂಕ, ಖಾಲಿ ಗಾಡಿಯ ತೂಕ, ಸರಕಿನ ತೂಕ ಎಂದು ಮೂರು ಸಾಲು. ಹತ್ತು ಹನ್ನೆರಡು ದಿನಗಳ ನಂತರ ನಡುಗಡಲಿನಲ್ಲಿ ಒಂದು ಹಡಗು ಎಷ್ಟು ವಾಲಬೇಕು, ಎಷ್ಟು ಬೇಗ ನೆಟ್ಟಗಾಗಬೇಕು ಎಂಬ ಲೆಕ್ಕ ಶುರುವಾಗುವುದು ಇಂಥ ಚೀಟಿಗಳಿಂದ. ಗಾಳಿ ಮತ್ತು ಅಲೆ ಹಡಗನ್ನು ಪರೀಕ್ಷಿಸುತ್ತವೆ, ನಿಜ. ಆದರೆ ಆ ಪರೀಕ್ಷೆಯಲ್ಲಿ ಹಡಗು ಪಾಸಾಗುತ್ತದೋ ಇಲ್ಲವೋ ಎಂಬುದು ಬಹುಪಾಲು ನೆಲದ ಮೇಲೆ, ಸರಕು ತುಂಬುವಾಗಲೇ ತೀರ್ಮಾನವಾಗಿರುತ್ತದೆ ಎಂಬುದು ನನ್ನ ವಾದ.

ಮೊದಲು ಹಡಗು ನೆಟ್ಟಗೆ ನಿಲ್ಲುವುದು ಹೇಗೆ ಎಂದು ನೋಡೋಣ. ಹಡಗಿನ ಮತ್ತು ಸರಕಿನ ಒಟ್ಟು ತೂಕವೆಲ್ಲ ಒಂದು ಬಿಂದುವಿನಲ್ಲಿ ಕೇಂದ್ರೀಕರಿಸಿ ಕೆಳಕ್ಕೆ ಎಳೆಯುತ್ತದೆ ಎಂದು ಭಾವಿಸಬಹುದು. ಅದು ಗುರುತ್ವ ಕೇಂದ್ರ. ನೀರು ಹಡಗನ್ನು ಮೇಲಕ್ಕೆ ತಳ್ಳುವ ಬಲವೂ ಒಂದು ಬಿಂದುವಿನ ಮೂಲಕ ಹಾಯುತ್ತದೆ. ಅದು ಮುಳುಗಿದ ಭಾಗದ ಆಕಾರದ ಕೇಂದ್ರ. ಹಡಗು ನೆಟ್ಟಗಿದ್ದಾಗ ಎರಡೂ ಒಂದೇ ಲಂಬರೇಖೆಯ ಮೇಲಿರುತ್ತವೆ. ಹಡಗು ಒಂದು ಬದಿಗೆ ವಾಲಿದೊಡನೆ ಆ ಬದಿಯ ಒಡಲು ಹೆಚ್ಚು ಮುಳುಗುವುದರಿಂದ ನೀರಿನ ತಳ್ಳುವಿಕೆಯ ಬಿಂದು ಆ ಕಡೆಗೆ ಸರಿಯುತ್ತದೆ. ತೂಕ ಕೆಳಕ್ಕೆ ಎಳೆಯುವ ಗೆರೆ, ನೀರು ಮೇಲಕ್ಕೆ ತಳ್ಳುವ ಗೆರೆ ಈಗ ಬೇರೆ ಬೇರೆ. ಇವೆರಡರ ನಡುವಿನ ಅಂತರವೇ ಹಡಗನ್ನು ಮತ್ತೆ ನೆಟ್ಟಗೆ ತಿರುಗಿಸುವ ಸನ್ನೆಗೋಲು.

ಸಣ್ಣ ಕೋನಗಳಲ್ಲಿ ಆ ತಳ್ಳುವಿಕೆಯ ಗೆರೆ ಹಡಗಿನ ನಡುಗೆರೆಯನ್ನು ಕತ್ತರಿಸುವ ಜಾಗಕ್ಕೆ ಮೆಟಾಸೆಂಟರ್ ಎನ್ನುತ್ತಾರೆ. ಫ್ರಾನ್ಸಿನ ಪಿಯೆರ್ ಬೂಗೇ ಈ ಕಲ್ಪನೆಯನ್ನು 1746ರಲ್ಲಿ ಪ್ರಕಟಿಸಿದ. ಅದರ ಬಹುಭಾಗವನ್ನು ಆತ ಬರೆದದ್ದು ಭೂಮಿಯ ಆಕಾರವನ್ನು ಅಳೆಯುವ ತಂಡದೊಂದಿಗೆ ಆಂಡೀಸ್ ಪರ್ವತಗಳಲ್ಲಿ ಅಲೆಯುತ್ತಿದ್ದ ವರ್ಷಗಳಲ್ಲಿ. ಹಡಗಿನ ಶಾಸ್ತ್ರವನ್ನು ಬೆಟ್ಟದ ಮೇಲೆ ಕುಳಿತು ಬರೆಯಬಹುದು ಎಂಬುದಕ್ಕೆ ತುಮಕೂರಿನವರಿಗೆ ಇದಕ್ಕಿಂತ ಒಳ್ಳೆಯ ಪೂರ್ವನಿದರ್ಶನ ಬೇಕಿಲ್ಲ.

ಗುರುತ್ವ ಕೇಂದ್ರದಿಂದ ಮೆಟಾಸೆಂಟರಿನವರೆಗಿನ ಎತ್ತರವನ್ನು ನಾವಿಕರು ಜಿಎಂ ಎಂದು ಕರೆಯುತ್ತಾರೆ. ಮೆಟಾಸೆಂಟರ್ ಮೇಲಿದ್ದರೆ ಹಡಗು ನೆಟ್ಟಗಾಗುತ್ತದೆ. ಗುರುತ್ವ ಕೇಂದ್ರವೇ ಅದನ್ನು ದಾಟಿ ಮೇಲೇರಿದರೆ ಹಡಗು ವಾಲಿದ ಕಡೆಗೇ ಇನ್ನಷ್ಟು ವಾಲುತ್ತದೆ. ಇಡೀ ವಿಷಯ ಈ ಒಂದು ಅಳತೆಯ ಸುತ್ತ ಸುತ್ತುತ್ತದೆ. ಇಷ್ಟು ದೊಡ್ಡ ಹಡಗಿಗೆ ಈ ಅಳತೆ ಎಷ್ಟಿರಬೇಕು ಎಂದು ಕೇಳಿದರೆ ಉತ್ತರ ಅಚ್ಚರಿ ತರುತ್ತದೆ: ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಸ್ಥಿರತಾ ಸಂಹಿತೆಯ ಪ್ರಕಾರ ಕನಿಷ್ಠ 15 ಸೆಂಟಿಮೀಟರ್. ಇತರ ಷರತ್ತುಗಳೂ ಇವೆ. 30 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚು ವಾಲಿದಾಗ ಆ ಸನ್ನೆಗೋಲು ಕನಿಷ್ಠ 20 ಸೆಂಟಿಮೀಟರ್ ಇರಬೇಕು ಎಂಬುದು ಅವುಗಳಲ್ಲೊಂದು. ಸಾವಿರಾರು ಟನ್ ಭಾರದ ಹಡಗಿನ ಉಳಿವು ಗೇಣುದ್ದದ ಲೆಕ್ಕದ ಮೇಲೆ ನಿಂತಿದೆ.

ಈಗ ಗಾಳಿಗೆ ಬರೋಣ. ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಸಂಹಿತೆ ಹಡಗುಗಳನ್ನು ಪರೀಕ್ಷಿಸಲು ಇಟ್ಟುಕೊಂಡಿರುವ ಒತ್ತಡ ಚದರ ಮೀಟರಿಗೆ 504 ನ್ಯೂಟನ್, ಅಂದರೆ ಸುಮಾರು 51 ಕಿಲೋ ಭಾರ. ಇದು ಗಂಟೆಗೆ ಸುಮಾರು 94 ಕಿಲೋಮೀಟರ್ ವೇಗದ ಗಾಳಿಗೆ ಸಮ. ಒಂದು ಕಾಲ್ಪನಿಕ ಕಂಟೇನರ್ ಹಡಗನ್ನು ತೆಗೆದುಕೊಳ್ಳಿ: 200 ಮೀಟರ್ ಉದ್ದ, ನೀರಿನಿಂದ ಮೇಲೆ ಕಂಟೇನರ್ ಸಾಲುಗಳೂ ಸೇರಿ 20 ಮೀಟರ್ ಎತ್ತರ, ಒಟ್ಟು ಭಾರ 30,000 ಟನ್. ಅದರ ಮಗ್ಗುಲಿಗೆ ಬೀಳುವ ಗಾಳಿಯ ನೂಕು ಸುಮಾರು 205 ಟನ್. ಗಾಳಿ ಮೇಲಿನಿಂದ ನೂಕುತ್ತದೆ, ನೀರು ಕೆಳಗಿನಿಂದ ತಡೆಯುತ್ತದೆ. ಎರಡರ ನಡುವೆ 15 ಮೀಟರ್ ಅಂತರ ಎಂದುಕೊಂಡರೆ ಹಡಗನ್ನು ತಿರುಚುವ ಬಲ 3,000 ಟನ್-ಮೀಟರ್ ದಾಟುತ್ತದೆ.

ಕೇಳುವಾಗ ಭಯ ಹುಟ್ಟಿಸುವ ಸಂಖ್ಯೆ. ಆದರೆ ಆ ಹಡಗಿನ ಜಿಎಂ ಒಂದು ಮೀಟರ್ ಇದ್ದರೆ ಅದು ವಾಲುವುದು ಆರು ಡಿಗ್ರಿಯಷ್ಟು ಮಾತ್ರ. ಮೇಜಿನ ಮೇಲಿನ ಲೋಟ ಜಾರಬಹುದು, ಹಡಗಿಗೆ ಏನೂ ಆಗುವುದಿಲ್ಲ. ಅದೇ ಹಡಗು, ಅದೇ ಗಾಳಿ, ಆದರೆ ಜಿಎಂ 30 ಸೆಂಟಿಮೀಟರಿಗೆ ಇಳಿದಿದೆ ಎನ್ನಿ. ಸರಳ ಲೆಕ್ಕದಲ್ಲಿ ವಾಲುವಿಕೆ ಸುಮಾರು ಇಪ್ಪತ್ತು ಡಿಗ್ರಿ ಆಗುತ್ತದೆ. ಸಂಹಿತೆ ಒಂದೇ ಸಮನೆ ಬೀಸುವ ಗಾಳಿಗೆ ಒಪ್ಪುವ ಮಿತಿ 16 ಡಿಗ್ರಿ. 30 ಸೆಂಟಿಮೀಟರ್ ಎಂಬುದು ಕನಿಷ್ಠ ಮಿತಿಯ ಎರಡು ಪಟ್ಟು. ಆದರೂ ಈ ಹಡಗು ಗಾಳಿಯ ಪರೀಕ್ಷೆಯಲ್ಲಿ ಫೇಲು. ಗಾಳಿ ಬದಲಾಗಿಲ್ಲ, ಬದಲಾದದ್ದು ತೂಕದ ಜೋಡಣೆ.

ಗಾಳಿ ಒಂದೇ ಸಮನೆ ಬೀಸುವುದಿಲ್ಲ, ಅಲೆಯೂ ಸುಮ್ಮನಿರುವುದಿಲ್ಲ. ಅದಕ್ಕೇ ಸಂಹಿತೆ ಇನ್ನೂ ಕೆಟ್ಟ ಸನ್ನಿವೇಶವೊಂದನ್ನು ಕಲ್ಪಿಸಿಕೊಳ್ಳುತ್ತದೆ. ಹಡಗು ಗಾಳಿಗೆ ಒಂದು ಬದಿಗೆ ವಾಲಿದೆ. ಅಲೆ ಅದನ್ನು ಎತ್ತಿ ಗಾಳಿ ಬರುವ ಕಡೆಗೇ ಹೊರಳಿಸಿದೆ. ಅದು ಮರಳಿ ಬೀಳುವ ಕ್ಷಣಕ್ಕೆ ಸರಿಯಾಗಿ ಒಂದೂವರೆ ಪಟ್ಟು ಒತ್ತಡದ ಗಾಳಿಯ ಹೊಡೆತ ಬಿದ್ದಿದೆ. ಆಗಲೂ ಹಡಗಿನ ನೆಟ್ಟಗಾಗುವ ಶಕ್ತಿ ಮಗುಚುವ ಶಕ್ತಿಗಿಂತ ಕಡಿಮೆಯಾಗಬಾರದು. ಇಂಥ ನಿಯಮಗಳೆಲ್ಲ ಹೆಣಗಳ ಮೇಲೆ ಬರೆದಂಥವು. 1954ರ ಸೆಪ್ಟೆಂಬರಿನಲ್ಲಿ ಜಪಾನಿನ ತೋಯಾ ಮಾರು ಎಂಬ ಪ್ರಯಾಣಿಕರ ಹಡಗು ಚಂಡಮಾರುತಕ್ಕೆ ಸಿಕ್ಕಿ ಸಾವಿರಕ್ಕೂ ಹೆಚ್ಚು ಜನ ಸತ್ತ ಮೇಲೆ ಆ ದೇಶದಲ್ಲಿ ಗಾಳಿಯ ಲೆಕ್ಕ ಬಿಗಿಯಾಯಿತು.

ಅಲೆಯ ಕೆಲಸ ಗಾಳಿಗಿಂತ ಸೂಕ್ಷ್ಮ. ಪ್ರತಿ ಹಡಗಿಗೂ ತನ್ನದೇ ಆದ ಹೊಯ್ದಾಟದ ಅವಧಿ ಇರುತ್ತದೆ: ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ಬರಲು ತಗಲುವ ಸಮಯ. ಒಂದು ಸ್ಥೂಲ ಸೂತ್ರವಿದೆ. ಹಡಗಿನ ಅಗಲವನ್ನು 0.8ರಿಂದ ಗುಣಿಸಿ, ಜಿಎಂನ ವರ್ಗಮೂಲದಿಂದ ಭಾಗಿಸಿದರೆ ಸೆಕೆಂಡುಗಳಲ್ಲಿ ಅವಧಿ ಸಿಗುತ್ತದೆ. 32 ಮೀಟರ್ ಅಗಲದ ಹಡಗಿಗೆ ಜಿಎಂ ಒಂದು ಮೀಟರ್ ಇದ್ದರೆ ಸುಮಾರು 26 ಸೆಕೆಂಡು. ನಾಲ್ಕು ಮೀಟರ್ ಇದ್ದರೆ 13 ಸೆಕೆಂಡು. ಇನ್ನು ಅಲೆಗೂ ಅದರದೇ ಅವಧಿ. ಆಳ ಸಮುದ್ರದಲ್ಲಿ ಹತ್ತು ಸೆಕೆಂಡಿಗೊಮ್ಮೆ ಬರುವ ಅಲೆಯ ಉದ್ದ 156 ಮೀಟರ್, ಓಟ ಗಂಟೆಗೆ 56 ಕಿಲೋಮೀಟರ್. ಹಡಗು ಚಲಿಸುತ್ತಿರುವುದರಿಂದ ಅದಕ್ಕೆ ಅಲೆಗಳು ಎದುರಾಗುವ ಅವಧಿ ಬೇರೆ: ಅಲೆಗೆ ಎದುರಾಗಿ ಹೋದರೆ ಚಿಕ್ಕದು, ಅಲೆಯೊಂದಿಗೆ ಹೋದರೆ ದೊಡ್ಡದು. ಈ ಅವಧಿ ಹಡಗಿನ ಸ್ವಂತ ಅವಧಿಗೆ ತಾಳೆಯಾದರೆ ಪ್ರತಿ ಅಲೆಯೂ ಹಿಂದಿನ ಹೊಯ್ದಾಟಕ್ಕೆ ಇನ್ನಷ್ಟು ಸೇರಿಸುತ್ತ ಹೋಗುತ್ತದೆ. ಅಲೆ ದೊಡ್ಡದಿರಲೇಬೇಕೆಂದಿಲ್ಲ, ಸರಿಯಾದ ಹೊತ್ತಿಗೆ ಬಂದರೆ ಸಾಕು. ಇಂಗ್ಲೆಂಡಿನ ವಿಲಿಯಂ ಫ್ರೌಡ್ 1861ರಲ್ಲೇ ಇದನ್ನು ಗಣಿತದಲ್ಲಿ ತೋರಿಸಿದ್ದ. ಒಡಲಿನ ಕೆಳಮೂಲೆಗಳಲ್ಲಿ ಉದ್ದಕ್ಕೆ ಬೆಸೆದಿರುವ ರೆಕ್ಕೆಯಂಥ ಪಟ್ಟಿಗಳು ಹೊಯ್ದಾಟವನ್ನು ತಗ್ಗಿಸುತ್ತವೆ ಎಂದು ಒತ್ತಿ ಹೇಳಿದವರಲ್ಲಿ ಅವನೂ ಒಬ್ಬ. ಇಂದಿಗೂ ಕ್ಯಾಪ್ಟನ್ ಮಾಡುವ ಮೊದಲ ಉಪಾಯ ಹಡಗಿನ ದಿಕ್ಕು ಅಥವಾ ವೇಗ ಬದಲಿಸಿ ಈ ತಾಳವನ್ನು ಕೆಡಿಸುವುದು.

ಅಲೆ ಮಗ್ಗುಲಿಗೆ ಹೊಡೆದರೆ ತಾನೇ ಅಪಾಯ, ಮೂತಿಯನ್ನು ಅಲೆಗೆ ಕೊಟ್ಟು ಹೋದರೆ ಚಿಂತೆಯಿಲ್ಲ ಎಂದು ಹಳೆಯ ನಾವಿಕರು ನಂಬಿದ್ದರು. ಆ ನಂಬಿಕೆಗೆ ಪೆಟ್ಟು ಬಿದ್ದದ್ದು 1998ರ ಅಕ್ಟೋಬರಿನಲ್ಲಿ, ಉತ್ತರ ಪೆಸಿಫಿಕ್‌ನಲ್ಲಿ. ಎಪಿಎಲ್ ಚೈನಾ ಎಂಬ ಹಡಗು ಬಿರುಗಾಳಿಯಲ್ಲಿ ಅಲೆಗಳಿಗೆ ಎದುರಾಗಿಯೇ ನಿಂತಿತ್ತು. ಆದರೂ 35ರಿಂದ 40 ಡಿಗ್ರಿವರೆಗೆ ಅಕ್ಕಪಕ್ಕ ಹೊಯ್ದಾಡಿತು. ಡೆಕ್ ಮೇಲಿದ್ದ ಸುಮಾರು 1,300 ಕಂಟೇನರುಗಳಲ್ಲಿ ಮೂರನೇ ಒಂದು ಪಾಲು ಕಡಲಿಗೆ ಬಿತ್ತು, ಹೆಚ್ಚುಕಡಿಮೆ ಅಷ್ಟೇ ಜಖಂ ಆಯಿತು. ಕಾರಣ ಹಡಗಿನ ಆಕಾರದಲ್ಲೇ ಇತ್ತು. ಹೆಚ್ಚು ಕಂಟೇನರ್ ಹಿಡಿಸಲೆಂದು ಇಂಥ ಹಡಗುಗಳ ಮುಂಭಾಗವನ್ನು ಮೇಲಕ್ಕೆ ಹೋದಂತೆ ಅಗಲವಾಗಿ ಚಾಚಿರುತ್ತಾರೆ, ಹಿಂಭಾಗ ಚಪ್ಪಟೆ. ಅಲೆಯ ತುದಿ ಹಡಗಿನ ನಟ್ಟನಡುವೆ ಬಂದಾಗ ಮೂತಿ ಮತ್ತು ಹಿಂಭಾಗದ ಅಗಲವಾದ ಭಾಗಗಳು ನೀರಿನಿಂದ ಮೇಲೇಳುತ್ತವೆ. ನೀರಿನ ಮಟ್ಟದಲ್ಲಿ ಹಡಗು ಕಿರಿದಾಗುತ್ತದೆ, ನೆಟ್ಟಗಾಗುವ ಶಕ್ತಿ ಕುಸಿಯುತ್ತದೆ. ಅಲೆಯ ತಗ್ಗು ನಡುವೆ ಬಂದಾಗ ಇದಕ್ಕೆ ತದ್ವಿರುದ್ಧ. ಹೀಗೆ ಸ್ಥಿರತೆಯೇ ಪ್ರತಿ ಅಲೆಗೂ ಏರಿಳಿಯುತ್ತದೆ. ಅಲೆಯ ಉದ್ದ ಹಡಗಿನ ಉದ್ದಕ್ಕೆ ಹತ್ತಿರವಿದ್ದು, ಅಲೆಗಳು ಎದುರಾಗುವ ಅವಧಿ ಹಡಗಿನ ಹೊಯ್ದಾಟದ ಅವಧಿಯ ಅರ್ಧದಷ್ಟಿದ್ದರೆ, ಎರಡು ಮೂರು ಡಿಗ್ರಿಯ ಓಲಾಟ ಕೆಲವೇ ಸುತ್ತುಗಳಲ್ಲಿ ಮೂವತ್ತು ದಾಟುತ್ತದೆ. ಪ್ಯಾರಾಮೆಟ್ರಿಕ್ ಹೊಯ್ದಾಟ ಎಂದು ಇದರ ಹೆಸರು. 2020ರಲ್ಲಿ ಸಾಗರ ಸಂಸ್ಥೆ ಹೊರಡಿಸಿದ ಎರಡನೇ ತಲೆಮಾರಿನ ಸ್ಥಿರತಾ ಮಾರ್ಗಸೂಚಿ ಪಟ್ಟಿ ಮಾಡಿದ ಐದು ಅಪಾಯಗಳಲ್ಲಿ ಇದೂ ಒಂದು. ಆದರೆ ಅದು ಇನ್ನೂ ತಾತ್ಕಾಲಿಕ ಮಾರ್ಗಸೂಚಿಯೇ. 1998ರಲ್ಲಿ ಗೊತ್ತಾದ ಸಂಗತಿಗೆ ಎರಡು ದಶಕಗಳ ನಂತರ ತಾತ್ಕಾಲಿಕ ಮಾರ್ಗಸೂಚಿ! ಕಡಲಿನ ಕಾನೂನು ಕಡಲಾಮೆಯ ವೇಗದಲ್ಲಿ ನಡೆಯುತ್ತದೆ.

ಹಾಗಾದರೆ ಜಿಎಂ ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ ಎಂದು ಯಾರಿಗಾದರೂ ಅನಿಸುತ್ತದೆ. ಇಲ್ಲ, ಮತ್ತು ಓದುಗರು ಸಾಮಾನ್ಯವಾಗಿ ಎಡವುವ ಜಾಗ ಇದೇ. ಜಿಎಂ ದೊಡ್ಡದಾದರೆ ಹಡಗು ಬಿಗಿಯಾಗುತ್ತದೆ, ವಾಲಿದ್ದೇ ತಡ ಜರ್ಕು ಹೊಡೆದು ಹಿಂದಕ್ಕೆ ಬರುತ್ತದೆ. ಹೊಯ್ದಾಟದ ನಡುಬಿಂದುವಿನಿಂದ 30 ಮೀಟರ್ ಮೇಲೆ ಪೇರಿಸಿದ 30 ಟನ್ನಿನ ಕಂಟೇನರ್ ಒಂದನ್ನು ತೆಗೆದುಕೊಳ್ಳಿ. ಹಡಗು 30 ಡಿಗ್ರಿ ವಾಲಿದಾಗ, ಇಳಿಜಾರಿನ ಕಾರಣದಿಂದಲೇ ಅದು 15 ಟನ್ ಬಲದಿಂದ ಪಕ್ಕಕ್ಕೆ ಎಳೆಯುತ್ತದೆ. ಅವಧಿ 26 ಸೆಕೆಂಡಿದ್ದರೆ ಹೊಯ್ದಾಟದ ವೇಗೋತ್ಕರ್ಷ ಅದಕ್ಕೆ ಸುಮಾರು ಮೂರು ಟನ್ ಸೇರಿಸುತ್ತದೆ. ಅವಧಿ 13 ಸೆಕೆಂಡಿದ್ದರೆ ಹನ್ನೊಂದು ಟನ್ನಿಗೂ ಹೆಚ್ಚು. ಕಂಟೇನರುಗಳನ್ನು ಮೂಲೆಯಲ್ಲಿ ಕಚ್ಚಿ ಹಿಡಿಯುವ ಕೊಂಡಿಗಳು, ಅಡ್ಡಡ್ಡ ಬಿಗಿದ ಕಬ್ಬಿಣದ ಸರಳುಗಳು ಈ ಹೆಚ್ಚುವರಿ ಎಳೆತಕ್ಕೆ ಕಿತ್ತುಬರುತ್ತವೆ. ಒಂದು ಸಾಲು ಕುಸಿದರೆ ಪಕ್ಕದ ಸಾಲಿನ ಮೇಲೆಯೇ ಬೀಳುತ್ತದೆ. 2020ರ ನವೆಂಬರ್ 30ರಂದು ಒನ್ ಏಪಸ್ ಹಡಗು ಪೆಸಿಫಿಕ್‌ನಲ್ಲಿ ಜೋರಾಗಿ ಹೊಯ್ದಾಡಿ 1,816 ಕಂಟೇನರುಗಳನ್ನು ಕಳೆದುಕೊಂಡಿತು. ಹಡಗು ಮುಳುಗಲಿಲ್ಲ, ತನ್ನ ಕಾಲ ಮೇಲೆಯೇ ಬಂದರಿಗೆ ಬಂತು. ಮುಳುಗದಷ್ಟು ಸ್ಥಿರತೆ ಬೇಕು, ಸರಕನ್ನು ಕೊಡವಿ ಬಿಸಾಡುವಷ್ಟು ಬೇಡ. ಹಡಗಿನ ಮುಖ್ಯ ಅಧಿಕಾರಿ ಪ್ರತಿ ಬಂದರಿನಲ್ಲೂ ಈ ಎರಡರ ನಡುವೆ ತೂಕ ಹೊಂದಿಸುತ್ತಾನೆ.

ಹೊಂದಿಸಲು ಅವನ ಕೈಯಲ್ಲಿರುವುದು ಎರಡೇ: ಯಾವ ಸರಕನ್ನು ಎಲ್ಲಿಡಬೇಕು, ಯಾವ ತೊಟ್ಟಿಗೆ ಎಷ್ಟು ಬ್ಯಾಲಸ್ಟ್ ನೀರು ತುಂಬಬೇಕು. ಎರಡೂ ಅವನಿಗೆ ಬಂದ ಅಂಕಿಗಳನ್ನು ನಂಬಿ ಮಾಡುವ ಕೆಲಸ. ಅಂಕಿ ಸುಳ್ಳಾದರೆ?

2019ರ ಸೆಪ್ಟೆಂಬರ್ 8ರಂದು ಅಮೆರಿಕದ ಜಾರ್ಜಿಯಾದ ಬ್ರನ್ಸ್‌ವಿಕ್ ಬಂದರಿನಿಂದ 4,200ರಷ್ಟು ವಾಹನಗಳನ್ನು ಹೊತ್ತು ಹೊರಟ ಗೋಲ್ಡನ್ ರೇ ಒಂದು ತಿರುವು ತೆಗೆದುಕೊಳ್ಳುವಾಗ ಮಗುಚಿತು. ಬಿರುಗಾಳಿ ಇರಲಿಲ್ಲ, ಅಲೆಯೂ ಇರಲಿಲ್ಲ. ತನಿಖೆಯಲ್ಲಿ ಕಂಡದ್ದು: ಸ್ಥಿರತೆಯ ಲೆಕ್ಕ ಹಾಕುವ ಕಂಪ್ಯೂಟರಿಗೆ ಬ್ಯಾಲಸ್ಟ್ ನೀರಿನ ಪ್ರಮಾಣವನ್ನು ತಪ್ಪಾಗಿ ತುಂಬಲಾಗಿತ್ತು. ಕಾಗದದ ಮೇಲೆ ಹಡಗು ಗಟ್ಟಿಯಾಗಿತ್ತು, ನೀರಿನ ಮೇಲೆ ಇರಲಿಲ್ಲ. ಐದು ವರ್ಷ ಹಿಂದೆ, 2014ರ ಏಪ್ರಿಲ್ 16ರಂದು, ದಕ್ಷಿಣ ಕೊರಿಯಾದ ಸೆವೊಲ್ ಮುಳುಗಿ 304 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಶಾಲಾ ಪ್ರವಾಸಕ್ಕೆ ಹೊರಟಿದ್ದ ಮಕ್ಕಳು. ಅದರಲ್ಲಿ ಅನುಮತಿಯ ಎರಡು ಪಟ್ಟಿಗೂ ಮಿಕ್ಕ ಸರಕಿತ್ತು. ಹೆಚ್ಚಿನ ಸರಕಿಗೆ ಜಾಗ ಮಾಡಲು ಬ್ಯಾಲಸ್ಟ್ ನೀರನ್ನು ಕಡಿಮೆ ಮಾಡಿದ್ದರು. ಮೇಲೆ ಹೊಸ ಕೋಣೆಗಳನ್ನೂ ಕಟ್ಟಿದ್ದರು. ಕೆಳಗಿನ ಭಾರ ತೆಗೆದು ಮೇಲಿನ ಭಾರ ಹೆಚ್ಚಿಸುವುದು ಎಂದರೆ ಗುರುತ್ವ ಕೇಂದ್ರವನ್ನು ಕೈಯಾರೆ ಎತ್ತಿ ಮೇಲಿಡುವುದು. ಹೊರಗಿನಿಂದ ನೋಡಿದರೆ ಮುಳುಗುಗೆರೆ ಸರಿಯಾಗಿಯೇ ಕಾಣುತ್ತದೆ. ಒಟ್ಟು ತೂಕ ಹೆಚ್ಚಾಗಿಲ್ಲವಲ್ಲ!

ಮುಳುಗುಗೆರೆ ಎಂದೆ. ಹಡಗಿನ ಮಗ್ಗುಲಲ್ಲಿ ಕೊರೆದಿರುವ ಆ ವೃತ್ತ ಮತ್ತು ಗೆರೆಗಳು ಬ್ರಿಟಿಷ್ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸೋಲ್ ಹಟ ಹಿಡಿದು 1876ರಲ್ಲಿ ಮಾಡಿಸಿದ ಕಾನೂನಿನ ಫಲ. ಮುಂಗಾರಿನ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದಲ್ಲಿ ಹಡಗುಗಳು ಉಷ್ಣವಲಯದ ಗೆರೆಯವರೆಗೆ ಮುಳುಗುವಷ್ಟು ಸರಕು ತುಂಬುವಂತಿಲ್ಲ, ಅದಕ್ಕಿಂತ ಕೆಳಗಿನ ಬೇಸಿಗೆಯ ಗೆರೆಗೇ ನಿಲ್ಲಿಸಬೇಕು. ನಮ್ಮ ನೈಋತ್ಯ ಮಾರುತಕ್ಕೆ ಕೊಟ್ಟ ಗೌರವ ಅದು. ಆದರೆ ಗೆರೆ ಹೇಳುವುದು ಎಷ್ಟು ತೂಕ ಎಂದು ಮಾತ್ರ. ತೂಕ ಎಷ್ಟು ಎತ್ತರದಲ್ಲಿದೆ ಎಂದು ಅದು ಹೇಳಲಾರದು.

ಈಗ ವೇಬ್ರಿಡ್ಜಿಗೆ ಮರಳಬಹುದು. ಒಂದು ಘನ ಮೀಟರ್ ಗ್ರಾನೈಟ್ 2.7 ಟನ್ ತೂಗುತ್ತದೆ. ಇಪ್ಪತ್ತು ಅಡಿಯ ಕಂಟೇನರಿನ ಒಳಗೆ 33 ಘನ ಮೀಟರ್ ಜಾಗವಿದ್ದರೂ ಹತ್ತು ಘನ ಮೀಟರ್ ಕಲ್ಲು ತುಂಬುವಷ್ಟರಲ್ಲಿ ಅದರ ತೂಕದ ಮಿತಿ ಬಂದುಬಿಡುತ್ತದೆ. ಕಂಟೇನರಿನ ಮೂರನೇ ಎರಡು ಪಾಲಿಗೂ ಹೆಚ್ಚು ಖಾಲಿ ಕಾಣುತ್ತದೆ, ಭಾರ ಮಾತ್ರ ಪೂರ್ತಿ. ತಿಪಟೂರಿನ ಕಡೆಯ ಒಣ ತೆಂಗಿನ ತುರಿಯದು ಇದಕ್ಕೆ ವಿರುದ್ಧವಾದ ಕಥೆ: ಕಂಟೇನರ್ ಸೂರಿನವರೆಗೆ ತುಂಬಿದರೂ ಕಲ್ಲಿನಷ್ಟು ತೂಗದು. ಉಪ್ಪುನೀರಿನಲ್ಲಿ ಮುಳುಗಿಸಿ ಡ್ರಮ್ಮುಗಳಲ್ಲಿ ಕಳಿಸುವ ಮಿಡಿಸೌತೆ ಎರಡರ ನಡುವೆ. ಮೂರು ಪೆಟ್ಟಿಗೆಗಳೂ ಹೊರಗಿನಿಂದ ಒಂದೇ ತರಹದವು. ಹಡಗಿನಲ್ಲಿ ಯಾವುದು ತಳಕ್ಕೆ, ಯಾವುದು ತುದಿಗೆ ಎಂದು ಹೇಳುವುದು ತೂಕದ ದಾಖಲೆ ಮಾತ್ರ.

ಆ ದಾಖಲೆ ಎಷ್ಟು ನಂಬಿಕೆಗೆ ಅರ್ಹ ಎಂಬುದು 2007ರಲ್ಲಿ ಬಯಲಾಯಿತು. ಆ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯ ಬಿರುಗಾಳಿಯಲ್ಲಿ ಎಂಎಸ್‌ಸಿ ನಾಪೋಲಿ ಹಡಗಿನ ಒಡಲು ಬಿರಿಯಿತು. ಅದನ್ನು ದಡಕ್ಕೆ ತಂದ ಮೇಲೆ ಡೆಕ್ ಮೇಲಿನ, ಒಣಗಿದ್ದ 660 ಕಂಟೇನರುಗಳನ್ನು ತೂಗಿ ನೋಡಿದರು. 137ರ ತೂಕ ಹೇಳಿದ್ದಕ್ಕೂ ಇದ್ದದ್ದಕ್ಕೂ ಮೂರು ಟನ್ನಿಗಿಂತ ಹೆಚ್ಚು ವ್ಯತ್ಯಾಸ. ಒಂದರಲ್ಲಂತೂ 20 ಟನ್. ಒಟ್ಟಾರೆ 312 ಟನ್ ಲೆಕ್ಕಕ್ಕೇ ಸಿಗದ ಭಾರ. ಈ ಬಗೆಯ ತಪ್ಪು ಸ್ಥಿರತೆಗೆ ಏನು ಮಾಡುತ್ತದೆ ಎಂದು ನೀವೇ ಹಾಕಿ ನೋಡಬಹುದು. 20,000 ಟನ್ನಿನ ಹಡಗಿನಲ್ಲಿ, ಗುರುತ್ವ ಕೇಂದ್ರಕ್ಕಿಂತ 15 ಮೀಟರ್ ಮೇಲೆ, ಹತ್ತು ಕಂಟೇನರುಗಳು ತಲಾ ಹತ್ತು ಟನ್ ಹೆಚ್ಚು ತೂಗಿದರೆ ಗುರುತ್ವ ಕೇಂದ್ರ ಏಳೂವರೆ ಸೆಂಟಿಮೀಟರ್ ಮೇಲೇರುತ್ತದೆ. ಕನಿಷ್ಠ ಮಿತಿ ಎಂದು ಕಾನೂನು ಹೇಳುವ 15 ಸೆಂಟಿಮೀಟರಿನ ಅರ್ಧ, ಹತ್ತೇ ಪೆಟ್ಟಿಗೆಗಳ ಸುಳ್ಳಿನಿಂದ.

2016ರ ಜುಲೈ 1ರಿಂದ ತೂಗಿ ದೃಢಪಡಿಸದ ಕಂಟೇನರನ್ನು ಹಡಗಿಗೆ ಏರಿಸುವಂತಿಲ್ಲ ಎಂಬ ಅಂತರರಾಷ್ಟ್ರೀಯ ನಿಯಮ ಬಂತು. ತುಂಬಿದ ಕಂಟೇನರನ್ನೇ ತೂಗಬಹುದು. ಇಲ್ಲವೇ ಒಳಗಿನ ಒಂದೊಂದನ್ನೂ ತೂಗಿ, ಖಾಲಿ ಕಂಟೇನರಿನ ತೂಕ ಸೇರಿಸಬಹುದು. ಹೊಣೆ ಸರಕು ಕಳಿಸುವವನದು. ನಿಯಮ ಒಳ್ಳೆಯದೇ, ಆದರೆ ಅದರ ಬಲ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೋ ಶಿರಾ ರಸ್ತೆಯಲ್ಲೋ ಇರುವ ಕಬ್ಬಿಣದ ಹಲಗೆ ಸರಿಯಾಗಿ ತೂಗುತ್ತದೆಯೇ ಎಂಬಷ್ಟರ ಮಟ್ಟಿಗೆ ಮಾತ್ರ. ಚೀಟಿಯನ್ನು ಲೆಕ್ಕಪತ್ರದ ಒಂದು ಶಾಸ್ತ್ರವೆಂದು ನೋಡುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ರಸ್ತೆಯ ಮೇಲೆ ಓವರ್‌ಲೋಡ್ ಎಂದರೆ ದಂಡ ಕಟ್ಟಿ ಮುಗಿಸುವ ವ್ಯವಹಾರ ಎಂದುಕೊಂಡವರಿಗೆ ಅದೇ ಟನ್ನುಗಳು ಹಡಗಿನ ತುದಿಸಾಲಿನಲ್ಲಿ ಏನು ಮಾಡುತ್ತವೆ ಎಂಬುದು ಕಣ್ಣಿಗೆ ಬೀಳುವುದೇ ಇಲ್ಲ. 2026ರ ಜನವರಿ 1ರಿಂದ ಕಡಲಿಗೆ ಬಿದ್ದ ಕಂಟೇನರುಗಳ ಮಾಹಿತಿಯನ್ನು ತಕ್ಷಣ ವರದಿ ಮಾಡುವುದು ಕಡ್ಡಾಯವಾಗಿದೆ. ಇದು ಬಿದ್ದ ಮೇಲಿನ ಮಾತು. ಬೀಳದಂತೆ ನೋಡುವ ಮಾತು ಒಳನಾಡಿನ ತೂಕದ ಗೂಡಿನಲ್ಲೇ ಉಳಿದಿದೆ.

ಸ್ಥಿರತೆಯ ಇನ್ನೊಂದು ಶತ್ರು ಅರ್ಧ ತುಂಬಿದ ದ್ರವ. ಕೋಲಾರದ ಕಡೆ ಹಾಲಿನ ಟ್ಯಾಂಕರ್ ಓಡಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ: ತುಂಬಿದ ಟ್ಯಾಂಕರಿಗಿಂತ ಅರ್ಧ ತುಂಬಿದ ಟ್ಯಾಂಕರ್ ತಿರುವಿನಲ್ಲಿ ಹೆಚ್ಚು ಕಾಡುತ್ತದೆ. ಹಡಗಿನಲ್ಲಿಯೂ ಹಾಗೆಯೇ. ಹಡಗು ವಾಲಿದ ಕಡೆಗೇ ತೊಟ್ಟಿಯ ನೀರೂ ಓಡುತ್ತದೆ, ಇಡೀ ಹಡಗಿನ ಗುರುತ್ವ ಕೇಂದ್ರ ಮೇಲೇರಿದಂಥ ಪರಿಣಾಮವಾಗುತ್ತದೆ. ಈ ನಷ್ಟ ತೊಟ್ಟಿಯ ಅಗಲದ ಘನಕ್ಕೆ ತಕ್ಕಂತೆ ಬೆಳೆಯುವುದರಿಂದ, ಉದ್ದಕ್ಕೆ ಒಂದೇ ಒಂದು ಗೋಡೆ ಕಟ್ಟಿ ತೊಟ್ಟಿಯನ್ನು ಎರಡು ಮಾಡಿದರೆ ನಷ್ಟ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಗೋಡೆಯೇ ಇಲ್ಲದ ವಿಶಾಲ ವಾಹನ ಡೆಕ್ ಇದ್ದರೆ ಏನಾಗುತ್ತದೆ ಎಂಬುದನ್ನು 1987ರ ಮಾರ್ಚ್ 6ರಂದು ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ತೋರಿಸಿತು. ಮೂತಿಯ ಬಾಗಿಲು ಮುಚ್ಚದೆ ಹೊರಟ ಆ ಹಡಗಿನ ಡೆಕ್ ಮೇಲೆ ನೀರು ಹರಡಿ ಕೆಲವೇ ನಿಮಿಷಗಳಲ್ಲಿ ಮಗುಚಿತು, 193 ಜನ ಸತ್ತರು. ಆಗ ಸಮುದ್ರ ಶಾಂತವಾಗಿತ್ತು.

ಒಣ ಸರಕೇ ದ್ರವವಾದರೆ? ತುಮಕೂರು ಜಿಲ್ಲೆಗೆ ಈ ವಿಷಯ ತೀರಾ ಹತ್ತಿರದ್ದು. ಚಿಕ್ಕನಾಯಕನಹಳ್ಳಿ, ಗುಬ್ಬಿ, ತಿಪಟೂರು ಕಡೆಯ ಗಣಿಗಳಿಂದ ಕಬ್ಬಿಣದ ಅದಿರು ತೆಗೆದು ಲಾರಿಗಳ ಸಾಲುಗಳಲ್ಲಿ ಸಾಗಿಸಿದ ಕಾಲವನ್ನು ಇಲ್ಲಿನವರು ಮರೆತಿಲ್ಲ. ಪುಡಿ ಅದಿರು ಕಣ್ಣಿಗೆ ಒಣಗಿದಂತೆ ಕಂಡರೂ ಕಣಗಳ ನಡುವೆ ತೇವ ಇರುತ್ತದೆ. ಹಡಗಿನ ಎಂಜಿನ್ನಿನ ಅದುರು, ಅಲೆಯ ಹೊಯ್ದಾಟ ಕಣಗಳನ್ನು ಒತ್ತೊತ್ತಾಗಿ ಕೂರಿಸುತ್ತವೆ. ನಡುವಿನ ಜಾಗ ಕುಗ್ಗುತ್ತದೆ, ನೀರಿನ ಒತ್ತಡ ಏರುತ್ತದೆ. ಒಂದು ಹಂತದಲ್ಲಿ ಕಣಗಳು ಒಂದಕ್ಕೊಂದು ಆನಿಕೊಂಡಿರುವ ಹಿಡಿತ ತಪ್ಪಿ ರಾಶಿ ಕೆಸರಿನಂತೆ ಹರಿಯತೊಡಗುತ್ತದೆ. ಹಡಗು ಎಡಕ್ಕೆ ವಾಲಿದಾಗ ರಾಶಿ ಎಡಕ್ಕೆ ಹರಿಯುತ್ತದೆ. ಹಡಗು ಮರಳುವಾಗ ಅದು ಪೂರ್ತಿ ಮರಳುವುದಿಲ್ಲ. ಮುಂದಿನ ಅಲೆಗೆ ಇನ್ನಷ್ಟು. ಇಲ್ಲಿ ಅಲೆಯ ಪಾಲು ನಿಜವಾಗಿಯೂ ದೊಡ್ಡದು: ಸರಕನ್ನು ಕಲಕುವುದೂ ಅದೇ, ಆಮೇಲೆ ಹಡಗನ್ನು ಉರುಳಿಸುವುದೂ ಅದೇ. ಆದರೆ ತೇವ ಕಡಲಿನದಲ್ಲ, ನೆಲದಿಂದಲೇ ಬಂದದ್ದು.

2009ರ ಜುಲೈನಲ್ಲಿ, ನಡು ಮಳೆಗಾಲದಲ್ಲಿ, ಮಂಗಳೂರಿನಲ್ಲಿ ಪುಡಿ ಅದಿರು ತುಂಬಿಸಿಕೊಂಡು ಹೊರಟ ಏಷ್ಯನ್ ಫಾರೆಸ್ಟ್ ಕರಾವಳಿಯಿಂದ ಸ್ವಲ್ಪ ದೂರದಲ್ಲೇ ವಾಲಿ ಮುಳುಗಿತು. ಅದೇ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪದ ಬಳಿ ಬ್ಲ್ಯಾಕ್ ರೋಸ್‌ನದೂ ಅದೇ ಗತಿ; ಅದರ ಹೊಟ್ಟೆಯಲ್ಲಿದ್ದದ್ದೂ ಅದಿರಿನ ಪುಡಿಯೇ. 2010ರ ಕೊನೆಯ ತಿಂಗಳುಗಳಲ್ಲಿ ಪೂರ್ವ ಏಷ್ಯಾದಲ್ಲಿ ನಿಕ್ಕಲ್ ಅದಿರು ಹೊತ್ತ ಮೂರು ಹಡಗುಗಳು ಒಂದರ ಹಿಂದೊಂದು ಮುಳುಗಿ ನಲವತ್ತಕ್ಕೂ ಹೆಚ್ಚು ನಾವಿಕರು ಸತ್ತರು. 2011ರ ಜನವರಿಯಿಂದ ಸಡಿಲ ಸರಕಿನ ಅಂತರರಾಷ್ಟ್ರೀಯ ಸಂಹಿತೆ ಕಡ್ಡಾಯವಾಯಿತು; ಕಬ್ಬಿಣದ ಪುಡಿ ಅದಿರಿಗೇ ಮೀಸಲಾದ ಅಧ್ಯಾಯ ಕಡ್ಡಾಯವಾಗಲು 2017 ಬರಬೇಕಾಯಿತು.

ಇತ್ತ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಂದಿಗೆ ಗಣಿಗಳು ತೆರೆದವು. 2022ರ ಮೇ ತಿಂಗಳಲ್ಲಿ ಈ ಜಿಲ್ಲೆಗಳ ಅದಿರಿನ ರಫ್ತಿಗೂ ಕೋರ್ಟ್ ಅನುಮತಿ ಕೊಟ್ಟಿತು. ಇಲ್ಲಿನ ಗಣಿ ಚರ್ಚೆಯಲ್ಲಿ ಕಾಡು, ಧೂಳು, ಅಂತರ್ಜಲ, ರಸ್ತೆ, ರಾಜಸ್ವ ಎಲ್ಲವೂ ಬರುತ್ತವೆ, ಬರಲೇಬೇಕು. ಅದಿರಿನ ತೇವಾಂಶ ಮಾತ್ರ ಬರುವುದಿಲ್ಲ. ಹಡಗಿನಲ್ಲಿರುವವರ ಪ್ರಾಣ ನಿಂತಿರುವುದು ಆ ಅಂಕಿಯ ಮೇಲೆ.

ಸಡಿಲ ಸರಕಿನ ಸಂಹಿತೆ ಹೇಳುವುದು ಇಷ್ಟು. ಪ್ರತಿ ಬಗೆಯ ಪುಡಿ ಅದಿರಿಗೂ ಸಾಗಿಸಬಹುದಾದ ತೇವಾಂಶದ ಗರಿಷ್ಠ ಮಿತಿಯನ್ನು ಪ್ರಯೋಗಾಲಯದಲ್ಲಿ ಕಂಡುಹಿಡಿದಿರಬೇಕು. ಆ ಪರೀಕ್ಷೆ ಆರು ತಿಂಗಳಿಗಿಂತ ಹಳೆಯದಾಗಿರಬಾರದು. ತುಂಬುವ ರಾಶಿಯ ನಿಜವಾದ ತೇವಾಂಶದ ಮಾದರಿ ಪರೀಕ್ಷೆ ಏಳು ದಿನಗಳೊಳಗಿನದಾಗಿರಬೇಕು. ನಡುವೆ ಜೋರು ಮಳೆ ಬಿದ್ದರೆ ಮತ್ತೆ ಪರೀಕ್ಷಿಸಬೇಕು. ಜುಲೈ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದು ಬಂದರಿನ ಬಯಲು ರಾಶಿಗೆ ಸೇರುವ ಅದಿರಿನ ವಿಷಯದಲ್ಲಿ ‘ನಡುವೆ ಮಳೆ ಬಿದ್ದರೆ’ ಎಂಬ ಮಾತು ತಮಾಷೆಯಂತೆ ಕೇಳುತ್ತದೆ. ಹರಿದ ಟಾರ್ಪಾಲ್ ಹೊದ್ದ ಲಾರಿಯೊಳಗಿನ ಅದಿರಿಗೂ ಗಣಿಯ ಬಾಯಲ್ಲಿ ತೆಗೆದ ಮಾದರಿಗೂ ಸಂಬಂಧ ಉಳಿದಿರುತ್ತದೆಯೇ?

ಕ್ಯಾಪ್ಟನ್‌ನ ಕೈಯಲ್ಲಿ ಉಳಿಯುವುದು ಒಂದು ಡಬ್ಬಿ. ಅರ್ಧ ಲೀಟರಿನಿಂದ ಒಂದು ಲೀಟರ್ ಹಿಡಿಸುವ ಗಟ್ಟಿ ಡಬ್ಬಿಗೆ ಅರ್ಧದಷ್ಟು ಅದಿರು ತುಂಬಿ, ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಕುಟ್ಟುತ್ತಾರೆ; ಒಂದೆರಡು ಸೆಕೆಂಡಿಗೊಮ್ಮೆ, ಇಪ್ಪತ್ತೈದು ಸಲ. ಆಮೇಲೆ ಮೇಲ್ಮೈಯನ್ನು ನೋಡುತ್ತಾರೆ. ನೀರು ಒಸರಿ ಹೊಳೆದರೆ ಅಥವಾ ಪುಡಿ ಮೆತ್ತಗೆ ಹರಿಯುವಂತಾದರೆ ತುಂಬುವುದನ್ನು ನಿಲ್ಲಿಸಿ ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ನೀರು ಕಾಣದಿದ್ದರೆ ಅದಿರು ಸುರಕ್ಷಿತ ಎಂದು ಅರ್ಥವಲ್ಲ. ಮಿತಿ ಮೀರಿದ ಸರಕೂ ಈ ಪರೀಕ್ಷೆಯಲ್ಲಿ ಒಣಗಿದಂತೆ ಕಾಣಬಹುದು. ಅನುಮಾನ ಬಂದರೆ ತುಂಬಲು ನಿರಾಕರಿಸುವ ಹಕ್ಕು ಕ್ಯಾಪ್ಟನ್‌ಗೆ ಇದೆ. ನಿರಾಕರಿಸಿದ ಮರುಗಳಿಗೆಯಿಂದ ಬಂದರಿನಲ್ಲಿ ಹಡಗು ಕಾಯುವ ಪ್ರತಿ ದಿನದ ಬಾಡಿಗೆ ಯಾರ ತಲೆಗೆ ಎಂಬ ಜಗಳ ಶುರುವಾಗುತ್ತದೆ. ಆ ಜಗಳಕ್ಕೆ ಹೆದರಿ ಹಡಗು ಬಿಡಬಾರದು ಎಂದಿದ್ದರೆ ತೇವಾಂಶದ ಕಾಗದ ಗಣಿಯಲ್ಲಿ ಅಲ್ಲ, ಬಂದರಿನ ರಾಶಿಯ ಪಕ್ಕದಲ್ಲಿ, ಮಾರುವವನಿಗೂ ಕೊಳ್ಳುವವನಿಗೂ ಸೇರದ ಪರೀಕ್ಷಕನ ಕೈಯಿಂದ ಹೊರಬರಬೇಕು. ಅದರ ಖರ್ಚನ್ನು ಅದಿರಿನ ಬೆಲೆಯಲ್ಲೇ ಸೇರಿಸಬೇಕು.